ಉಪ್ಪಿನ ಕೂಗು

“ಅಯ್ಯನವರೇ, ದೇವರ ಹತ್ತಿರ ಕ್ಷಮೆ ಕೇಳಿಬಿಟ್ಟ ಮೇಲೆ ಆ ವಿಷಯ ಅಲ್ಲಿಗೆ ಮುಗಿದಂತೆ ಅಲ್ಲವೇ?” ಎಂದು ಕೃಪಾನಂದ ಕೇಳಿದ.

ಅವನು ಸಭಾಪಾಲಕನಾಗಲು ಯಾಕೋಬಪ್ಪ ಅಯ್ಯನವರ ಹತ್ತಿರ ಕಲಿಯುತ್ತಿದ್ದವನು. ಹಿಂದಿನ ಭಾನುವಾರ ಗುರುಗಳಿಗೆ ಮೈ ಹುಷಾರಿಲ್ಲದೆ ಚರ್ಚಿನಲ್ಲಿ ಅವನೇ ಪ್ರಸಂಗ ಮಾಡಿದ್ದ. ಕುಡಿತ ಬಿಡಲಾಗದೆ ತನ್ನ ಮುಂದೆ ಗುಟ್ಟಾಗಿ ಅತ್ತು ಪ್ರಾರ್ಥನೆ ಬೇಡಿಕೊಂಡಿದ್ದ ಒಬ್ಬನ ಮಾತನ್ನು ಪ್ರಸಂಗದಲ್ಲಿ ಎತ್ತಿ ಹೇಳಿದ್ದ. ಹೆಸರು ಹೇಳಿರಲಿಲ್ಲ. ಸಣ್ಣ ಊರು, ಹೆಸರು ಹೇಳುವ ಅಗತ್ಯವೂ ಇರಲಿಲ್ಲ. ಜನ ಕಣ್ಣೀರು ಹಾಕಿದರು. ಆ ಮನುಷ್ಯ ನಡುವೆಯೇ ಎದ್ದು ಹೊರಗೆ ಹೋದ. ಈಗ ಅವನು ಕೃಪಾನಂದನನ್ನು ದೂರದಿಂದ ಕಂಡರೂ ಪಕ್ಕದ ಓಣಿಗೆ ತಿರುಗಿಬಿಡುತ್ತಿದ್ದ. ಕೃಪಾನಂದ ಮೊಣಕಾಲೂರಿ ದೇವರಲ್ಲಿ ಕ್ಷಮೆ ಬೇಡಿದ್ದ. ಮನಸ್ಸಿಗೆ ಮಾತ್ರ ಸಮಾಧಾನ ಸಿಕ್ಕಿರಲಿಲ್ಲ.

“ಪ್ರಸಂಗ ಬಹಳ ಚೆನ್ನಾಗಿತ್ತಂತೆ,” ಎಂದರು ಯಾಕೋಬಪ್ಪನವರು. ಕೃಪಾನಂದ ತಲೆ ತಗ್ಗಿಸಿದ. ಅವರು, ನಿನ್ನ ಪ್ರಶ್ನೆಗೆ ನೆಟ್ಟಗೆ ಉತ್ತರ ಕೊಡುವಷ್ಟು ಜಾಣ ನಾನಲ್ಲ, ಒಬ್ಬ ಕುರಿಗಾಹಿಯ ಕತೆ ಗೊತ್ತು, ಕೂತು ಕೇಳು ಎಂದು ಹೇಳತೊಡಗಿದರು.

ಒಬ್ಬ ಕುರಿಗಾಹಿ ಇದ್ದ. ಹಿಂಡು ಅವನಿಗೆ ಅಪ್ಪನಿಂದ ಬಂದದ್ದು. ಹಿಂಡಿನ ಜೊತೆಗೆ ಒಂದು ಕೂಗೂ ಬಂದಿತ್ತು. ಸಂಜೆಯಾದರೆ ಅಪ್ಪ ಹೊಳೆಯ ದಡದ ಚಪ್ಪಡಿ ಕಲ್ಲಿನ ಮೇಲೆ ಉಪ್ಪು ಹರಡಿ ಆ ಕೂಗು ಹಾಕುತ್ತಿದ್ದ. ಕುರಿಗೆ ಉಪ್ಪೆಂದರೆ ಪ್ರಾಣ. ಎಷ್ಟು ದೂರದಲ್ಲಿದ್ದರೂ ಮೇವು ಬಿಟ್ಟು ಓಡಿ ಬರುತ್ತಿದ್ದವು. ಉಪ್ಪಿನ ಕೂಗಿಗೆ ಬಂದ ಕುರಿಯ ಕಾಲು ಹಿಡಿಯಬಾರದು ಎಂಬುದು ಅಪ್ಪನ ಕಟ್ಟುನಿಟ್ಟು. ಮಾರಲಿಕ್ಕೆ ಕುರಿ ಬೇಕಾದರೆ ಗುಡ್ಡ ಹತ್ತಿ, ಹಿಂಡಿನೊಳಗೆ ನುಗ್ಗಿ, ಅಟ್ಟಾಡಿಸಿಯೇ ಹಿಡಿಯಬೇಕು. ಮುದುಕ ಸಾಯುವ ತನಕ ಹಾಗೆಯೇ ಮಾಡಿದ.

ಮಗನಿಗೂ ಇದು ಗೊತ್ತಿತ್ತು. ಗೊತ್ತಿಲ್ಲದೆ ಮಾಡಿದ ಅನ್ನಬೇಡ. ಒಂದು ಬೆಳಿಗ್ಗೆ ಕುರಿ ವ್ಯಾಪಾರಿ ಬಂದು, ಸಂತೆಗೆ ಹೊತ್ತಾಯಿತು, ಬೇಗ ಒಂದು ಟಗರು ಹಿಡಿದು ಕೊಡು ಎಂದು ಅವಸರ ಮಾಡಿದ. ಇವನಿಗೆ ಗುಡ್ಡ ಹತ್ತಲು ಸೋಮಾರಿತನ. ಇದೊಂದು ಸಲ ಎಂದುಕೊಂಡು ಕಲ್ಲಿನ ಮೇಲೆ ಉಪ್ಪು ಚೆಲ್ಲಿ ಕೂಗು ಹಾಕಿದ. ಬಂದವು, ಪಾಪ, ಎಲ್ಲವೂ ಬಂದವು. ಬಗ್ಗಿ ಉಪ್ಪು ನೆಕ್ಕುತ್ತಿದ್ದ ಟಗರಿನ ಹಿಂಗಾಲು ಹಿಡಿದು ವ್ಯಾಪಾರಿಗೆ ಒಪ್ಪಿಸಿದ. ಮೈ ಬೆವರಲೂ ಇಲ್ಲ. ಸಂಜೆ ಮತ್ತೆ ಕೂಗಿದಾಗ ಮಿಕ್ಕ ಕುರಿಗಳು ಎಂದಿನಂತೆ ಬಂದವು. ಏನೂ ಆಗಲಿಲ್ಲವಲ್ಲ ಎಂದುಕೊಂಡ. ಈ ‘ಏನೂ ಆಗಲಿಲ್ಲವಲ್ಲ’ ಎಂಬ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ ಕೃಪಾನಂದ. ಆಗುವುದು ಆಗುತ್ತಲೇ ಇರುತ್ತದೆ, ನಮ್ಮ ಕಣ್ಣಿಗೆ ಬೀಳುವುದಿಲ್ಲ ಅಷ್ಟೆ.

ಆಮೇಲೆ ಪ್ರತಿ ಸಂತೆಗೂ ಅದೇ ಅಭ್ಯಾಸವಾಯಿತು. ಹಿಂಡಿಗೆ ಒಂದು ಮುಂದಾಳು ಕುರಿ ಇತ್ತು. ಅದು ಹೋದ ಕಡೆ ಹಿಂಡೆಲ್ಲ ಹೋಗುತ್ತಿತ್ತು. ಒಂದು ದಿನ ಅದರ ಮರಿಯೇ ಇವನ ಕೈಗೆ ಸಿಕ್ಕಿತು. ಹಿಡಿದು ಕೊಟ್ಟುಬಿಟ್ಟ. ಆ ಸಂಜೆ ಮುಂದಾಳು ಕುರಿ ಉಪ್ಪು ಮುಟ್ಟಲಿಲ್ಲ. ಕಲ್ಲನ್ನು ಸುತ್ತಿ ಸುತ್ತಿ, ಮೂಸಿ, ಮರಿಗಾಗಿ ಕೂಗುತ್ತಿತ್ತು. ಹೆಂಡತಿ ಅದನ್ನು ನೋಡಿಕೊಂಡು ಬಂದು ಗಂಡನ ಎದುರು ನಿಂತಳು. “ನೀವು ಆ ಕಲ್ಲಿನ ಮೇಲೆ ಹಾಕ್ತಿರೋದು ಉಪ್ಪಲ್ಲ, ಗಾಳ,” ಎಂದಳು.

ಅವನು ಮಕ್ಕಳಂತೆ ಅತ್ತ. ಇನ್ನು ಎಂದೂ ಹೀಗೆ ಮಾಡುವುದಿಲ್ಲ ಎಂದು ದೇವರ ಮುಂದೆ ಮಾತು ಕೊಟ್ಟ. ಕೊಟ್ಟ ಮಾತನ್ನು ಉಳಿಸಿಕೊಂಡ ಕೂಡ, ಅಷ್ಟರಮಟ್ಟಿಗೆ ಒಳ್ಳೆಯವನೇ. ವ್ಯಾಪಾರಿ ಬಂದಾಗ ಅಪ್ಪನ ಹಾಗೆ ಗುಡ್ಡ ಹತ್ತಿದ. ಸಂಜೆ ಬರೀ ಉಪ್ಪು ಕೊಡಲಿಕ್ಕೆಂದೇ ಕೂಗಿದ. ಆದರೆ ಕುರಿಗಳು ಕೂಗಿದ ಕಡೆ ತಲೆ ಎತ್ತಿ ನೋಡುತ್ತಿದ್ದವು, ಬರುತ್ತಿರಲಿಲ್ಲ. ಇವನು ಅತ್ತ ಸರಿದ ಮೇಲೆ ಬಂದು ನೆಕ್ಕಿ ಹೋಗುತ್ತಿದ್ದವು. ಮನೆಗೆ ತರಲು ಕೋಲು ಹಿಡಿದು ಹಿಂದಿನಿಂದ ಅಟ್ಟಬೇಕಾಗುತ್ತಿತ್ತು. ದಿನ ಕಳೆದ ಹಾಗೆ ಸರಿಹೋಗುತ್ತದೆ ಎಂದುಕೊಂಡ. ಸರಿಹೋಗುತ್ತಿತ್ತೋ ಏನೋ. ಒಂದೆರಡು ಎಳೆಯ ಕುರಿಗಳು ಆಗಲೇ ಹತ್ತಿರ ಬರಲು ಶುರುಮಾಡಿದ್ದವು.

ಬೇಸಿಗೆ ಮುಗಿಯುತ್ತಾ ಬಂದಿತ್ತು. ಹೊಳೆಯ ನಡುಗಡ್ಡೆಯಲ್ಲಿ ಮಾತ್ರ ಹಸಿರು ಉಳಿದಿತ್ತು. ಹಿಂಡನ್ನು ಅಲ್ಲಿ ಮೇಯಲು ಬಿಟ್ಟು ಇವನು ಈಚೆ ದಡದಲ್ಲಿ ಕೂತಿದ್ದ. ಮೇಲೆಲ್ಲೋ ಮಳೆಯಾಗಿತ್ತು, ಇಲ್ಲಿ ಬಿಸಿಲು. ನೋಡನೋಡುತ್ತಿದ್ದಂತೆ ನೀರು ಕೆಂಪಾಗಿ ಏರತೊಡಗಿತು. ದಾಟುವ ಜಾಗದಲ್ಲಿ ಇನ್ನೂ ಮೊಣಕಾಲುದ್ದವೇ ಇತ್ತು. ಆ ಗಳಿಗೆಯಲ್ಲಿ ಹಿಂಡು ಓಡಿ ಬಂದಿದ್ದರೆ ಒಂದು ಕುರಿಯೂ ಸಾಯುತ್ತಿರಲಿಲ್ಲ.

ಇವನು ಕಲ್ಲಿನ ಹತ್ತಿರ ಓಡಿ ಕೂಗು ಹಾಕಿದ. ಜೀವಮಾನದಲ್ಲಿ ಅಷ್ಟು ನಿಜವಾದ ಕೂಗನ್ನು ಅವನು ಹಾಕಿರಲಿಲ್ಲ. ಕುರಿಗಳು ತಲೆ ಎತ್ತಿದವು. ಮುಂದಾಳು ಕುರಿ ಇವನನ್ನೇ ನೋಡಿತು. ಆಮೇಲೆ ತಿರುಗಿ ನಡುಗಡ್ಡೆಯ ಆ ತುದಿಗೆ ನಡೆಯಿತು. ಹಿಂಡೆಲ್ಲ ಅದರ ಹಿಂದೆ ಹೋಯಿತು.

ಹಿಡಿ ತುಂಬ ಉಪ್ಪು ತೆಗೆದುಕೊಂಡು ನೀರಿಗಿಳಿದ. ಬನ್ನಿ, ಇವತ್ತು ಹಿಡಿಯಲಿಕ್ಕಲ್ಲ, ಬನ್ನಿ ಎಂದು ಗಂಟಲು ಹರಿಯುವಂತೆ ಕರೆದ. ಇವನು ಒಂದು ಹೆಜ್ಜೆ ಮುಂದಿಟ್ಟರೆ ಅವು ಇನ್ನಷ್ಟು ಹಿಂದೆ ಸರಿದವು. ಹತ್ತಿರ ಹೋದಷ್ಟೂ ತಾನೇ ಅವನ್ನು ಹೊಳೆಗೆ ದೂಡುತ್ತಿದ್ದೇನೆ ಎಂದು ತಿಳಿದು ಅಲ್ಲೇ ನಿಂತುಬಿಟ್ಟ. ಮುಂದೆ ಹೋಗುವ ಹಾಗಿಲ್ಲ, ಬಿಟ್ಟು ಬರಲು ಮನಸ್ಸಿಲ್ಲ. ನೀರು ಎದೆಯ ತನಕ ಬಂತು. ಕಣ್ಣೆದುರೇ ಹಿಂಡು ಕೊಚ್ಚಿಕೊಂಡು ಹೋಯಿತು. ಊರಿನವರು ಹಗ್ಗ ಎಸೆದು ಇವನನ್ನು ದಡಕ್ಕೆ ಎಳೆದುಕೊಂಡರು. ಕೈ ಇನ್ನೂ ಮುಷ್ಟಿ ಕಟ್ಟಿಯೇ ಇತ್ತು. ಹೆಂಡತಿ ಅದನ್ನು ಬಿಡಿಸಿ ನೋಡಿದಳು. ಉಪ್ಪು ಕರಗಿ ಹೋಗಿತ್ತು.

ಯಾಕೋಬಪ್ಪನವರು ಕತೆಯನ್ನು ಅಷ್ಟಕ್ಕೆ ನಿಲ್ಲಿಸಿದರು. ಕೃಪಾನಂದನಿಗೆ ತಡೆದುಕೊಳ್ಳಲಾಗಲಿಲ್ಲ.

“ಅವನು ಮನಸಾರೆ ಪಶ್ಚಾತ್ತಾಪಪಟ್ಟಿದ್ದನಲ್ಲ ಅಯ್ಯನವರೇ. ದೇವರು ಅವನನ್ನು ಕ್ಷಮಿಸಿರಲಿಲ್ಲವೇ?”

“ಅವನು ಅತ್ತ ದಿನವೇ ದೇವರು ಕ್ಷಮಿಸಿದ್ದ ಮಗಾ, ಆದರೆ ಕುರಿಗಳಿಗೆ ಅದು ಗೊತ್ತಿರಲಿಲ್ಲ.”