ತಣಿಯುವ ಮೊದಲೇ ತೆರೆದ ಆವಿಗೆ

"ಗುರುಗಳೇ, ಸೋಂಕು ಹೋಗಿ ವರ್ಷವಾಯಿತು. ಇನ್ನೊಮ್ಮೆ ಅಂಥ ಕಷ್ಟ ಬಂದರೆ ಯಾರೂ ಉಪವಾಸ ಬೀಳಬಾರದೆಂದು ಊರಿಗೊಂದು ಕಣಜ ಕಟ್ಟಿದ್ದೇವೆ. ಮನೆಮನೆಯಿಂದ ರಾಗಿ ಬರಬೇಕು. ಆದರೆ ಒಬ್ಬರಿಗೊಬ್ಬರ ಮೇಲೆ ನಂಬಿಕೆಯಿಲ್ಲ. ಬೀಗದಕೈ ಯಾರಿಗೆ ಕೊಡಲಿ?" ಎಂದು ಶಿಷ್ಯ ಸಿದ್ದಯ್ಯ ಕೇಳಿದ.

ಗುರುಗಳು ಹೇಳಿದರು:

ಒಂದು ಕುಂಬಾರಗೇರಿ. ಮಡಕೆ ಸುಡಲು ಎಲ್ಲ ಮನೆಗಳಿಗೂ ಒಂದೇ ಆವಿಗೆ. ಯಾರ ಮಡಕೆ ಒಡೆದರೂ ಉಳಿದದ್ದನ್ನು ಎಲ್ಲರೂ ಹಂಚಿಕೊಳ್ಳುವುದು ಅಲ್ಲಿಯ ಪದ್ಧತಿ. ಸೋಂಕು ಬಂದಿತು. ಸಂತೆ ನಿಂತಿತು, ಬಾಗಿಲುಗಳು ಮುಚ್ಚಿದವು. ಒಬ್ಬ ಕುಂಬಾರನ ಹೆಂಡತಿ ತೀರಿಕೊಂಡಳು. ಹೆಣ ಎತ್ತಲು ಒಬ್ಬರೂ ಬರಲಿಲ್ಲ. ಅಂದಿನಿಂದ ಅವನಿಗೆ ಕೇರಿಯವರೆಲ್ಲ ಆಗದವರಾದರು.

ಸಂತೆ ಮತ್ತೆ ಸೇರುವ ಸುದ್ದಿ ಬಂದಾಗ ಕೇರಿಯಲ್ಲಿದ್ದ ಸೌದೆ, ಬೆರಣಿ ಒಂದೇ ಸಲ ಸುಡುವುದಕ್ಕೆ ಸಾಕಾಗುವಷ್ಟಿತ್ತು. ಅದು ಕೆಟ್ಟರೆ ಕೇರಿಯ ಒಲೆ ಹೊತ್ತುವಂತಿರಲಿಲ್ಲ. ಒಬ್ಬ ಮುದುಕಿ ಮನೆಮನೆಗೆ ಹೋಗಿ ಎಲ್ಲರನ್ನೂ ಒಪ್ಪಿಸಿದಳು. ಆ ಕುಂಬಾರನೂ ಒಲ್ಲದ ಮನಸ್ಸಿನಿಂದ ಮಡಕೆ ತಂದ. ತರುವ ಮೊದಲು ಒಂದೊಂದರ ಕೊರಳಿಗೂ ಉಗುರಿನಿಂದ ಗುರುತು ಗೀರಿದ್ದ.

ಆವಿಗೆ ಜೋಡಿಸಿದವಳು ಮುದುಕಿಯೇ. ಅವನ ಮತ್ತು ಉಳಿದವರ ಮಡಕೆಗಳನ್ನು ನಡುವೆ ಇಟ್ಟಳು, ತನ್ನವನ್ನು ಮಾತ್ರ ಅಂಚಿನಲ್ಲಿ. ಕುಂಬಾರನ ತಲೆಗೆ ಸಂಶಯದ ಹುಳ ಹೊಕ್ಕಿತು. ಅಂಚಿನವು ಮೊದಲು ಕೈಗೆ ಸಿಗುತ್ತವಲ್ಲ, ತನ್ನವನ್ನು ಎತ್ತಿಕೊಂಡು ಎಲ್ಲರಿಗಿಂತ ಮುಂಚೆ ಸಂತೆ ಸೇರುವ ಹಂಚಿಕೆಯೇ ಇದು ಎಂದುಕೊಂಡ. ಹೋಗುವಾಗ ನಡುವಿನವನ್ನೂ ಬಿಡುತ್ತಾಳೆಯೇ?

ಬೆಂಕಿ ಆರಿತು. ಆವಿಗೆ ತಾನಾಗಿ ತಣಿಯುವವರೆಗೆ ಮುಟ್ಟಬಾರದು. ಕುಂಬಾರರ ಮನೆಯ ಕೂಸಿಗೂ ಅದು ಗೊತ್ತು. ಉಳಿದವರು ಊಟಕ್ಕೆ ಹೋದರು, ಇವನು ಕದಲಲಿಲ್ಲ. ಮುದುಕಿ ಆವಿಗೆಯ ಸುತ್ತ ಸುಳಿದಾಡುತ್ತಿದ್ದಳು. ಬಗ್ಗುತ್ತಿದ್ದಳು, ಏನನ್ನೋ ತಡವುತ್ತಿದ್ದಳು. ಅವಳು ಅತ್ತ ಸರಿದದ್ದೇ ತಡ, ಇವನು ಓಡಿಹೋಗಿ ಆವಿಗೆಯ ನೆತ್ತಿಯನ್ನು ಅಗೆದ. ಅವನ ಮಡಕೆಗಳು ಇಟ್ಟಲ್ಲೇ ಇದ್ದವು. ಗುರುತೂ ಇತ್ತು. ನೋಡುತ್ತಿದ್ದಂತೆಯೇ ತಣ್ಣನೆಯ ಗಾಳಿ ಒಳಗೆ ನುಗ್ಗಿ, ನಡುವಿನ ಮಡಕೆಗಳೆಲ್ಲ ಟಪಟಪನೆ ಬಿರಿದವು.

ಕೇರಿಯೇ ಓಡಿಬಂದಿತು. ಮುದುಕಿಯ ಕೈಯಲ್ಲಿ ಹಸಿಮಣ್ಣಿತ್ತು. ಗಾಳಿ ಹೋಗದಂತೆ ಅವಳು ಆವಿಗೆಯ ಬಿರುಕು ಮೆತ್ತುತ್ತಿದ್ದಳು.

ಕುಂಬಾರ ನಾಚುವ ಬದಲು ಕೂಗಾಡಿದ. "ನನ್ನ ಮನೇಲಿ ಸಾವಾದಾಗ ಒಬ್ಬರಾದ್ರೂ ಬಂದ್ರಾ? ನಿಮ್ಮನ್ನ ಹೆಂಗೆ ನಂಬಲಿ?"

"ನನ್ನ ಮಗ ಸತ್ತಾಗ ನೀನೂ ಬರಲಿಲ್ಲ ಕಣಪ್ಪ" ಎಂದಳು ಮುದುಕಿ. "ಆದ್ರೂ ಗಾಳಿ ಹೊಡೆದು ಒಡೆಯೋ ಅಂಚಿಗೆ ನಂದು ಇಟ್ಟೆ, ನಿಂದು ನಡುವೆ ಇಟ್ಟೆ."

ಅಂಚಿನವು ಅಷ್ಟರಲ್ಲಾಗಲೇ ತಣಿದಿದ್ದವು. ಒಡೆಯದೆ ಉಳಿದವು ಅವಳ ಮಡಕೆಗಳು ಮಾತ್ರ. ಪದ್ಧತಿಯಂತೆ ಅವನ್ನು ಎಲ್ಲ ಮನೆಗೂ ಹಂಚಿದಳು. ಕುಂಬಾರನ ಮುಂದೆಯೂ ಒಂದು ಪಾಲು ಇಟ್ಟಳು. ಅದನ್ನು ಎತ್ತಿಕೊಳ್ಳಲು ಅವನಿಗೆ ಕೈ ಬರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

"ಹಾಗಾದರೆ ಬೀಗದಕೈಯನ್ನು ಆ ಮುದುಕಿಯಂಥವರಿಗೆ ಕೊಡಬೇಕು" ಎಂದ ಸಿದ್ದಯ್ಯ. "ಆದರೆ ಅಂಥವರನ್ನು ಗುರುತಿಸುವುದು ಹೇಗೆ?"

"ಅದಿರಲಿ ಸಿದ್ದಯ್ಯ, ನಿನ್ನ ಮನೆಯ ರಾಗಿ ಕಣಜಕ್ಕೆ ಬಂದಿದೆಯೇ?"

ಸಿದ್ದಯ್ಯ ರಾಗಿ ಅಳೆಯಲು ಮನೆಗೆ ಹೊರಟ.