ಗುರುತು ಹಾಕದ ಮುಂಗುಸಿ

ಮುಚ್ಚಿಹೋದ ಬಣ್ಣದ ಕಾರ್ಖಾನೆಯ ಹಿಂದಿನ ದಿಬ್ಬದಲ್ಲಿ ಮೊಲಗಳಿಗಾಗಿ ನಲವತ್ತು ಬಿಲಗಳ ಬಡಾವಣೆ ಮಾಡಲು ನರಿ ಹೊರಟಿತು. ಮಣ್ಣು ವಾಸಕ್ಕೆ ಯೋಗ್ಯವೆಂದು ಮುಂಗುಸಿ ಪರೀಕ್ಷಿಸಿ, ಪಂಜದ ಗುರುತು ಹಾಕಿದ ಮೇಲೆಯೇ ಕೆಲಸ ಶುರುವಾಗಬೇಕೆಂಬುದು ಕಾಡಿನ ನಿಯಮ. ಮುಂಗುಸಿ ಮೂರು ಕಡೆ ಅಗೆಯಿತು. ಮೂರನೆಯ ಗುಂಡಿಯಲ್ಲಿ ತುಕ್ಕು ಹಿಡಿದ ಡ್ರಮ್ಮೊಂದು ಸಿಕ್ಕಿತು. ಅದರಿಂದ ಸೋರಿದ ನೀಲಿ ರಸ ತಗುಲಿ ಮುಂಗುಸಿಯ ಪಂಜ ಸುಟ್ಟುಹೋಯಿತು.

"ಹುಲ್ಲು ಹಸಿರಾಗಿಯೇ ಇದೆಯಲ್ಲ, ಗುರುತು ಹಾಕಿ" ಎಂದಿತು ನರಿ.

"ಹುಲ್ಲಿನ ಬೇರು ಗೇಣುದ್ದ, ಬಿಲ ಮೂರು ಮೊಳ. ಅಷ್ಟು ಆಳದಲ್ಲಿ ಒಂದು ಎರೆಹುಳುವೂ ಬದುಕಿಲ್ಲ. ಮರಿಗಳು ಹೇಗೆ ಬದುಕುತ್ತವೆ? ನಾನು ಹಾಕುವುದಿಲ್ಲ."

"ಹಾಗಾದರೆ ನಿಮ್ಮ ಕೆಲಸ ಹೋಯಿತು. ನವಿಲು ಹಾಕುತ್ತದೆ."

ನವಿಲು ಬಂತು. ಕೊಂಬೆಯ ಮೇಲಿಂದಲೇ ದಿಬ್ಬವನ್ನು ನೋಡಿ, "ಸುಂದರವಾದ ಜಾಗ" ಎಂದು ಗುರುತು ಒತ್ತಿತು.

ಮರುದಿನ ಮೊಲಗಳು ಬಿಲ ತೋಡಲು ಸಂಸಾರಸಮೇತ ಬಂದಾಗ ಮುಂಗುಸಿ ದಾರಿಗೆ ಅಡ್ಡ ಕೂತಿತ್ತು.

"ಏಳು! ನಿನಗಿಲ್ಲಿ ಏನು ಅಧಿಕಾರ?" ಎಂದು ನರಿ ಗದರಿತು.

"ಅಧಿಕಾರ ಇಲ್ಲ. ಕಂಡದ್ದನ್ನು ಹೇಳುವುದಕ್ಕೆ ಅದು ಬೇಕಾಗಿಯೂ ಇಲ್ಲ" ಎಂದು ಮುಂಗುಸಿ ಡ್ರಮ್ಮು ಸಿಕ್ಕ ಗುಂಡಿಯನ್ನು ತೋರಿಸಿ, ಸುಟ್ಟ ಪಂಜವನ್ನು ಎಲ್ಲರಿಗೂ ಕಾಣುವಂತೆ ಎತ್ತಿತು.

ಬಸುರಿ ಮೊಲವೊಂದು ಮುಂದೆ ಬಂದು ಆ ಪಂಜವನ್ನು ಮೂಸಿತು. ಆಮೇಲೆ ತಿರುಗಿ, "ನರಿಯಣ್ಣ, ಮೊದಲು ನೀವು ನಿಮ್ಮ ಮರಿಗಳನ್ನು ಕರೆದುಕೊಂಡು ಆ ಗುಂಡಿಗೆ ಇಳಿಯಿರಿ. ನಾವು ಹಿಂದೆಯೇ ಬರುತ್ತೇವೆ" ಎಂದಿತು.

ನರಿ ಇಳಿಯಲಿಲ್ಲ. ಬಸುರಿ ಮೊಲ ಹೋಗಿ ಮುಂಗುಸಿಯ ಪಕ್ಕದಲ್ಲಿ ಕೂತಿತು. ಉಳಿದ ಮೊಲಗಳೂ ಒಂದೊಂದಾಗಿ ಬಂದು, ದಿಬ್ಬಕ್ಕೆ ಬೆನ್ನು ಮಾಡಿ ಸಾಲಾಗಿ ಕೂತವು.