ಬ್ರಾಕ್‌ಮೋರ್ ಕಂದಕದ ಮೂರು ಒಗಟು

"ನನ್ನ ನೆಲದ ಬಗ್ಗೆ ಮೂರು ಒಗಟು. ಬಿಡಿಸಿದವನಿಗೆ ಅರ್ಧ ಜಹಗೀರು ಕೊಟ್ಟು ಮಗಳನ್ನು ಧಾರೆಯೆರೆಯುತ್ತೇನೆ. ಸೋತವನಿಗೆ ನೇಣು."

ಇಂಗ್ಲೆಂಡಿನ ಬ್ರಾಕ್‌ಮೋರ್ ಸೀಮೆಯ ಒಡೆಯ ಆಸ್ಬರ್ಟ್ ಹೀಗೆ ಡಂಗುರ ಹೊಡೆಸಿದ. ಅವನ ಮನೆಯ ಸುತ್ತ ನೀರು ತುಂಬಿದ ಕಂದಕ, ದಾಟಲು ಏರಿಸಿ ಇಳಿಸುವ ಒಂದೇ ಸೇತುವೆ.

ಮೊದಲು ಬಂದ ಸರದಾರ ಮೊದಲ ಒಗಟಿಗೇ ಸೋತ. ಎರಡನೆಯವನು ಕೊನೆಯದರಲ್ಲಿ ಎಡವಿದ. ಇಬ್ಬರೂ ಸೆರೆಮನೆ ಸೇರಿದರು. ಭಾನುವಾರ ನೇಣು ಎಂದು ನಿಗದಿಯಾಯಿತು.

ಆಮೇಲೆ ಬಂದವನು ವಿಲ್ಕಿನ್, ಕಂದಕದ ಹೂಳೆತ್ತುವ ಆಳು.

"ಪ್ರಾಣದ ಮೇಲೆ ಆಸೆಯಿಲ್ಲವೇ?" ಎಂದ ಆಸ್ಬರ್ಟ್.

"ಇದೆ ಒಡೆಯ. ಆದರೆ ಈ ಮಣ್ಣಿನ ಬಗ್ಗೆ ಏನು ಕೇಳುತ್ತೀರೋ ಎಂಬ ಕುತೂಹಲ ತಡೆಯಲಾಗಲಿಲ್ಲ."

"ಹಾಗಾದರೆ ಹೇಳು. ಅವಳಿಗಳು ಒಂದೇ ದಿನ ಹುಟ್ಟಿದರು. ಒಬ್ಬ ಇಳಿದಷ್ಟೂ ಇನ್ನೊಬ್ಬ ಏರಿದ. ಯಾರವರು?"

"ಕಂದಕ ಮತ್ತು ಅದರ ದಂಡೆಯ ದಿಬ್ಬ. ಇಲ್ಲಿ ಅಗೆದ ಮಣ್ಣನ್ನೇ ಅಲ್ಲಿ ಸುರಿದದ್ದು."

"ಮಳೆಗಾಲದಲ್ಲಿ ಅಡಗಿ, ಬಿರುಬೇಸಿಗೆಯಲ್ಲಿ ಕಾಣುವ ಮನೆ ಯಾವುದು?"

"ಪಡುವಣ ಹುಲ್ಲುಗಾವಲಲ್ಲಿ ಹೂತುಹೋದ ಹಳೆಯ ಮನೆ. ಅಡಿಪಾಯದ ಕಲ್ಲಿನ ಮೇಲೆ ಮಣ್ಣು ತೆಳು, ಅಲ್ಲಿ ಹುಲ್ಲು ಮೊದಲು ಒಣಗುತ್ತದೆ. ದಿಬ್ಬ ಹತ್ತಿ ನೋಡಿದರೆ ಕೋಣೆ ಕೋಣೆಯೂ ಹಳದಿ ಗೆರೆಯಲ್ಲಿ ತೋರುತ್ತದೆ."

ಆಸ್ಬರ್ಟ್ ಮುಂದೆ ಬಾಗಿದ. "ಕಂದಕವನ್ನು ಒಮ್ಮೆಯೂ ದಾಟದೆ ಈ ಮನೆಯೊಳಗೆ ಬಂದವರು ಯಾರು? ಹಕ್ಕಿ ಎಂದವನು ಸೆರೆಯಲ್ಲಿದ್ದಾನೆ. ಹಕ್ಕಿಯೂ ದಾಟಿಯೇ ಬರಬೇಕು."

ವಿಲ್ಕಿನ್ ಕಿಟಕಿಯಾಚೆಯ ಕಂದಕದತ್ತ ನೋಡಿದ. ಎಷ್ಟೋ ವರ್ಷ ಆ ನೀರಿನಲ್ಲಿ ಸೊಂಟದ ತನಕ ನಿಂತು ದುಡಿದಿದ್ದ. ಸೇತುವೆಯ ಮೇಲೆ ಎಲ್ಲರೂ ಓಡಾಡಿದ್ದನ್ನು ಕಂಡಿದ್ದ, ಒಬ್ಬರನ್ನು ಬಿಟ್ಟು.

"ಒಳಗೇ ಹುಟ್ಟಿದವರು. ನಿಮ್ಮ ಮಗಳು ಇಡೋನಿಯಾ."

ಆಸ್ಬರ್ಟ್ ಪಕ್ಕದಲ್ಲೇ ಕುಳಿತಿದ್ದ ಮಗಳತ್ತ ತಿರುಗಿದ. "ಇದು ನೀನು ಕಟ್ಟಿಕೊಟ್ಟ ಒಗಟು. ಉತ್ತರ ನನಗೂ ಹೇಳಿರಲಿಲ್ಲ. ಸರಿಯೇ?"

"ಸರಿ. ಹುಟ್ಟಿ ಹತ್ತೊಂಬತ್ತು ವರ್ಷವಾಯಿತು, ಒಮ್ಮೆಯೂ ಸೇತುವೆ ದಾಟಿಲ್ಲ, ಅಪ್ಪಾ. ಎಷ್ಟು ಕಾಲ ಕಳೆಯಿತೆಂದು ನೀವು ಗಮನಿಸಲೇ ಇಲ್ಲ."

ಆಸ್ಬರ್ಟನಿಗೆ ತಲೆ ಎತ್ತಲಾಗಲಿಲ್ಲ. ಮಗಳು ಎಳೆಗೂಸಾಗಿದ್ದಾಗ ಹೆಂಡತಿಯನ್ನು ದಾರಿಗಳ್ಳರು ಕೊಂದಿದ್ದರು; ಅಂದಿನಿಂದ ಅವನು ಮಗಳನ್ನು ಹೊರಗೆ ಬಿಟ್ಟಿರಲಿಲ್ಲ.

"ಅರ್ಧ ನೆಲ ನಿನ್ನದು, ವಿಲ್ಕಿನ್. ಇವಳೂ..."

"ನೆಲ ತೆಗೆದುಕೊಳ್ಳುತ್ತೇನೆ, ಆ ಇಬ್ಬರು ಸರದಾರರ ಪ್ರಾಣವನ್ನೂ ಕೊಡಿ. ಮದುವೆಯ ಮಾತನ್ನು ಮಾತ್ರ ಇವರನ್ನೇ ಕೇಳಬೇಕು."

ಇಡೋನಿಯಾ ಅವನನ್ನು ನೆಟ್ಟ ನೋಟದಿಂದ ನೋಡಿದಳು. "ಮೊದಲು ಸೀಮೆ ಸುತ್ತಿ ಬರುತ್ತೇನೆ. ಆಮೇಲೆ ಹೇಳುತ್ತೇನೆ."

ಸೆರೆಯಾಳುಗಳು ಬಿಡುಗಡೆಯಾದರು. ಸೇತುವೆ ಇಳಿಯಿತು. ಅವಳು ಸುಗ್ಗಿಯ ತನಕ ತಿರುಗಾಡಿದಳು. ಹಿಂತಿರುಗಿದವಳು ತಂದೆಯ ಮನೆಗಿಂತ ಮೊದಲು ವಿಲ್ಕಿನನ ಗುಡಿಸಲಿಗೆ ಹೋಗಿ ಬಾಗಿಲು ತಟ್ಟಿದಳು.